ಐಲಾ ರಾಂತಾಲಾ ಓದಿ ಹೇಳಿದ ಅರವತ್ಮೂರು ಅಂಕಿ

ಕೆನಡಾದ ಥಂಡರ್ ಬೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದ ಐಲಾ ರಾಂತಾಲಾಳಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವಳು ಯಾವತ್ತೂ ತಪ್ಪು ನಂಬರಿಗೆ ಸಂಪರ್ಕ ಕೊಟ್ಟವಳಲ್ಲ. ಇನ್ನೊಂದು, ಯಾರ ಮಾತನ್ನೂ ಕದ್ದು ಕೇಳಿದವಳಲ್ಲ. ಎರಡನೆಯದನ್ನು ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಅವಳಿಗೆ ಎಪ್ಪತ್ತೆರಡಾಗಿದ್ದಾಗ ಒಂದು ಬೆಳಿಗ್ಗೆ ಮನೆಯ ಕಂಪ್ಯೂಟರ್ ಉಸಿರು ನಿಲ್ಲಿಸಿತು. ಪಕ್ಕದ ಮನೆಯ ಮೈದುನ ಟೌನೋ ನೋಡಿ, "ಬಿಸಾಕು, ಹೊಸದು ತಗೋ" ಎಂದ. ಅವನು ಹೇಳಿದ್ದನ್ನು ಮಾಡುವ ಅಭ್ಯಾಸ ಐಲಾಳಿಗೆ ಇರಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದಳು, ಹೊಸ ಮದರ್‌ಬೋರ್ಡ್ ತರಿಸಿದಳು, ಅಡುಗೆಮನೆಯ ಮೇಜಿನ ಮೇಲೆ ಎರಡು ದಿನ ಸ್ಕ್ರೂ ತಿರುಗಿಸಿದಳು. ಕಂಪ್ಯೂಟರ್ ಎದ್ದು ಕೂತಿತು. ಆದರೆ ಪರದೆ ಕಪ್ಪಾಗಿತ್ತು. ಮೂಲೆಯಲ್ಲಿ, ಈ ಸಾಫ್ಟ್‌ವೇರ್ ಅಸಲಿಯಲ್ಲ, ಲೈಸೆನ್ಸ್ ಮತ್ತೆ ಪಡೆಯಿರಿ ಎಂದು ಬರೆದಿತ್ತು.

ಕಾಫಿಗೆ ಬಂದ ಟೌನೋ ಕನ್ನಡಕ ಹಾಕಿಕೊಂಡು ಓದಿದ.

"ಐಲಾ, ಇದು ಕಳ್ಳ ಮಾಲು ಅಂತಿದೆಯಲ್ಲ."

"ಅಂಗಡೀಲಿ ದುಡ್ಡು ಕೊಟ್ಟು ತಂದಿದ್ದು. ಸಾಫ್ಟ್‌ವೇರ್ ಬಂದ ಡಬ್ಬ ಇನ್ನೂ ಇದೆ ನೋಡು."

"ಡಬ್ಬ ಕಳ್ಳರ ಮನೇಲೂ ಇರ್ತದೆ."

ಶನಿವಾರ ಅವನು ಗಂಡಸರ ಸೌನಾ ಸ್ನಾನಗೃಹದ ಬಿಸಿ ಹಬೆಯಲ್ಲಿ ಕೂತು ಅದನ್ನೇ ಬಣ್ಣ ಕಟ್ಟಿ ಹೇಳಿದ. ಭಾನುವಾರ ಇಗರ್ಜಿಯ ಬಾಗಿಲಲ್ಲಿ ಇಬ್ಬರು ಐಲಾಳನ್ನು ನೋಡಿ ಕೆಮ್ಮಿದರು.

ಸೋಮವಾರ ಅವಳು ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಮಾಡಿ ಟೌನೋನನ್ನು ಕರೆದು ಕೂರಿಸಿ, ಸಾಫ್ಟ್‌ವೇರ್ ಕಂಪನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಯಂತ್ರದ ದನಿ, ಲೈಸೆನ್ಸಿಗಾಗಿ ಪರದೆಯ ಮೇಲೆ ಮೂಡಿದ್ದ ಅರವತ್ಮೂರು ಅಂಕಿಗಳನ್ನು ಕೇಳಿತು. ಹಳೆಯ ಎಕ್ಸ್‌ಚೇಂಜಿನ ರಾಗದಲ್ಲಿ ಅವಳು ಎಲ್ಲೂ ತೊದಲದೆ ಓದಿದಳು. ಆಮೇಲೆ ಯಂತ್ರ ಕೇಳಿತು: "ಈ ಸಾಫ್ಟ್‌ವೇರ್ ಎಷ್ಟು ಕಂಪ್ಯೂಟರ್‌ಗಳಲ್ಲಿದೆ?"

"ಒಂದು ಅನ್ನು," ಟೌನೋ ಪಿಸುಗುಟ್ಟಿದ.

"ಅರ್ಧ," ಎಂದಳು ಐಲಾ.

ಯಂತ್ರಕ್ಕೆ ಅರ್ಥವಾಗಲಿಲ್ಲ. "ಡಿಸ್ಕು ಹಳೇದು, ಬೋರ್ಡ್ ಹೊಸದು. ಬೇಕಾದ್ರೆ ಒಂದೂವರೆ ಅಂತ ಬರ್ಕೋ," ಎಂದಳು. ಮೂರನೆಯ ಸಲಕ್ಕೆ ಯಂತ್ರ ಸೋತು ಮನುಷ್ಯರ ಕೈಗೆ ಫೋನ್ ದಾಟಿಸಿತು. ಅವಳಿಗೆ ಬೇಕಿದ್ದುದೂ ಅದೇ.

ಆ ಕಡೆ ಬಂದವಳು ಯೆಸೇನಿಯಾ ಎಂಬ ಹುಡುಗಿ. "ಬೋರ್ಡ್ ಬದಲಾದ್ರೆ ನಮ್ಮ ಪ್ರಕಾರ ಅದು ಬೇರೆ ಕಂಪ್ಯೂಟರ್, ಮೇಡಂ."

"ಹೋದ ವರ್ಷ ನನ್ನ ಸೊಂಟದ ಕೀಲು ಬದಲಾಯಿಸಿದ್ರು, ಮಗಳೇ. ಪಿಂಚಣಿ ಆಫೀಸಿನವರು ನೀನು ಬೇರೆ ಹೆಂಗಸು ಅನ್ಲಿಲ್ಲ."

ಹುಡುಗಿ ನಗು ತಡೆದುಕೊಂಡದ್ದು ಕೇಳಿಸಿತು. "ಹಳೇ ಬೋರ್ಡ್ ಈಗ ಎಲ್ಲಿದೆ?"

"ನನ್ನ ಮೈದುನನ ಕಾಫಿ ಲೋಟದ ಕೆಳಗೆ."

ಟೌನೋ ಲೋಟ ಎತ್ತಿ ನೋಡಿದ. ನಿಜ.

ಅದನ್ನು ಇನ್ನೆಲ್ಲೂ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಡಬ್ಬದ ಮೇಲಿನ ಸಂಖ್ಯೆ ತಾಳೆ ನೋಡಿ, ಯೆಸೇನಿಯಾ ನಲವತ್ತೆಂಟು ಅಂಕಿ ಹೇಳಿದಳು. ಐಲಾ ಒತ್ತುತ್ತಾ ಹೋದಳು. ಮೂಲೆಯ ಅಕ್ಷರಗಳು ಅಳಿಸಿಹೋದವು.

"ಇನ್ನೊಂದು ಉಪಕಾರ ಮಾಡು, ಮಗಳೇ. ಇದು ಕಳ್ಳ ಮಾಲಲ್ಲ ಅಂತ ಒಂದ್ಸಲ ಗಟ್ಟಿಯಾಗಿ ಹೇಳು. ಇಲ್ಲೊಬ್ಬರಿಗೆ ಕಿವಿ ಮಂದ."

"ನಿಮ್ಮ ಲೈಸೆನ್ಸ್ ನೂರಕ್ಕೆ ನೂರು ಅಸಲಿ, ಮೇಡಂ," ಎಂದಳು ಹುಡುಗಿ, ಇಡೀ ಅಡುಗೆಮನೆಗೆ ಕೇಳುವಂತೆ.

ಟೌನೋನ ಕಿವಿ ಕೆಂಪಾಯಿತು. ಐಲಾ ಫೋನ್ ಇಡಲಿಲ್ಲ. "ಟೌನೋ, ಹೇಗೂ ಈ ಹುಡುಗಿ ಸಿಕ್ಕಿದ್ದಾಳೆ. ನಿನ್ನ ಕಂಪ್ಯೂಟರಿನ ವಿಷಯಾನೂ ಒಂದ್ಸಲ ಕೇಳಿಬಿಡೋಣ್ವಾ?"

ಬೇಟೆಯ ಗೆಳೆಯನೊಬ್ಬ ಪುಕ್ಕಟೆ ನಕಲು ಮಾಡಿಕೊಟ್ಟ ಸಿ.ಡಿ.ಯಿಂದ ಟೌನೋನ ಕಂಪ್ಯೂಟರ್ ನಾಲ್ಕು ವರ್ಷದಿಂದ ನಡೆಯುತ್ತಿತ್ತು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆಂದು ಗೊಣಗಿ, ಕೋಟಿನ ಒಂದೇ ತೋಳು ಹಾಕಿಕೊಂಡು, ಅವನು ಹಿಮದಲ್ಲಿ ಮನೆಯ ಕಡೆ ಓಡಿದ.

ಬುಧವಾರ ಅವನೇ ಅಂಗಡಿಗೆ ಹೋಗಿ, ಸಾಫ್ಟ್‌ವೇರಿನ ಹೊಚ್ಚ ಹೊಸ ಡಬ್ಬ ತಂದು ಅವಳ ಮುಂದಿಟ್ಟ.

"ನೀನೇ ಹಾಕ್ಕೊಡು, ಐಲಾ. ಆದ್ರೆ ಯಾರಿಗೂ ಹೇಳ್ಬೇಡ."

ಐಲಾ ಭಾನುವಾರದವರೆಗೂ ಯಾರಿಗೂ ಹೇಳಲಿಲ್ಲ.