ಮೀನು ಆರಿಸುವವಳು

ಹದ್ದಿನ ಕಣ್ಣಿನವಳು ಅಂತ ಬಂದರಿನಲ್ಲಿ ಅವಳನ್ನು ಎಲ್ಲರೂ ಹದ್ದಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವಳು ಅಲ್ಲಿ ಮೀನು ಆರಿಸಿದಳು. ದೋಣಿ ದಡಕ್ಕೆ ತಾಗಿ ಬಲೆ ಸುರಿದರೆ ಸಾಕು, ಮಣೆ ಎಳೆದುಕೊಂಡು ಕೂರುವಳು. ಕಿವಿರು ಎತ್ತಿ ನೋಡುವಳು, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುವಳು. ಕಿವಿರು ಕೆಂಪಗಿದ್ದು ಹೊಟ್ಟೆ ಗಟ್ಟಿಯಿದ್ದರೆ ಮಂಜುಗಡ್ಡೆಯ ಬುಟ್ಟಿಗೆ. ಮೆತ್ತಗಿದ್ದರೆ ಹಿಂದಕ್ಕೆ, ಗೊಬ್ಬರದ ರಾಶಿಗೆ. ಒಂದನ್ನೂ ಎರಡನೇ ಸಲ ಮುಟ್ಟಿದವಳಲ್ಲ. ಅವಳ ಕೈ ತಪ್ಪಿತು ಅಂತ ಯಾರೂ ಹೇಳಿದ್ದಿಲ್ಲ.

ಗಂಡ ಅದೇ ಬಂದರಿನಲ್ಲಿ ಹರಿದ ಬಲೆ ಹೆಣೆಯುತ್ತಿದ್ದ. ಒಳ್ಳೆಯ ಕೆಲಸಗಾರ, ಆದರೆ ಕುಡಿತ. ಮದುವೆಯ ದಿನ ಚರ್ಚಿನ ಮೆಟ್ಟಿಲು ಹತ್ತಿದವನು ಮತ್ತೆ ಅತ್ತ ತಲೆ ಹಾಕಲಿಲ್ಲ. ಅವಳು ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಮೊದಮೊದಲು ಅತ್ತಳು, ಬೈದಳು, ಅವನಿಗಾಗಿ ಉಪವಾಸ ಮಾಡಿದಳು. ಆಮೇಲೆ ಕೈಬಿಟ್ಟಳು. ಒಂದು ದಿನ ಮುಖಕ್ಕೇ ಹೇಳಿದಳು.

"ನಾನೊಂದು ಕಡೆ, ನೀವೊಂದು ಕಡೆ. ದೇವರು ಆರಿಸೋ ದಿನ ನನ್ನ ಕಡೆ ನೋಡಬೇಡಿ."

ಅವನು ಬಲೆಯಿಂದ ಕಣ್ಣೆತ್ತದೆ ನಕ್ಕ. "ಅಲ್ಲೂ ಆರಿಸೋಕೆ ನಿನ್ನನ್ನೇ ಕೂರಿಸ್ತಾರೇನೇ?"

ಕೊನೆಗೆ ಲಿವರ್ ಕೆಟ್ಟು ಹಾಸಿಗೆ ಹಿಡಿದ. ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಒಂದು ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟು ತಲೆಗೆ ಬಟ್ಟೆ ಸುತ್ತುತ್ತಿದ್ದಾಗ, ಪಾದ್ರಿಯನ್ನು ಕರೆದುಕೊಂಡು ಬಾ ಅಂದ. ಅವಳ ಕೈ ನಿಲ್ಲಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ, ಜ್ವರದ ಮಾತು ಅಂದುಕೊಂಡಳು. ದೋಣಿಗಳು ತುಂಬಿ ಬಂದಿದ್ದವು, ತಡವಾದರೆ ಮೀನು ಕೆಡುತ್ತದೆ. ಸಂಜೆ ನೋಡೋಣ ಅಂತ ಹೇಳಿ ಹೋದಳು. ಮಧ್ಯಾಹ್ನ ಪಕ್ಕದ ಮನೆಯವಳು ಬಂದರಿಗೆ ಓಡಿ ಬಂದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಂಡನನ್ನು ಮಣ್ಣು ಮಾಡಿದ ಮೇಲೆ ಮೂರನೇ ಭಾನುವಾರ ಪಾದ್ರಿ ಬೈಬಲಿನಿಂದ ಬಲೆಯ ದೃಷ್ಟಾಂತ ಓದಿದರು. ಪರಲೋಕ ರಾಜ್ಯವು ಸಮುದ್ರಕ್ಕೆ ಬೀಸಿದ ಬಲೆಯ ಹಾಗೆ, ಅದರಲ್ಲಿ ಎಲ್ಲ ಬಗೆಯ ಮೀನೂ ಸಿಗುತ್ತದೆ, ದಡಕ್ಕೆ ಎಳೆದ ಮೇಲೆ ಒಳ್ಳೆಯದನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಎಸೆಯುತ್ತಾರೆ. ನೂರು ಸಲ ಕೇಳಿದ ಮಾತು. ಪ್ರತಿ ಸಲವೂ ತನ್ನ ಕೆಲಸ ಬೈಬಲಿನಲ್ಲೇ ಇದೆ ಅಂತ ಅವಳಿಗೆ ಹೆಮ್ಮೆ ಆಗುತ್ತಿತ್ತು. ಆ ದಿನ ಬೆಂಚು ಹಿಡಿದುಕೊಂಡು ಕೂತಳು.

ಎಲ್ಲರೂ ಹೋದ ಮೇಲೆ ಪಾದ್ರಿಯ ಕೋಣೆಗೆ ಹೋಗಿ ಬುಧವಾರದ ಸಂಗತಿ ಹೇಳಿದಳು.

"ಅವರು ಯಾವ ಬುಟ್ಟೀಲಿದಾರೆ ಫಾದರ್?"

ಪಾದ್ರಿ ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ನನಗೆ ಗೊತ್ತಿಲ್ಲಮ್ಮ. ಬಲೆ ಇನ್ನೂ ನೀರಲ್ಲೇ ಇದೆ. ನೀನೂ ಅದರೊಳಗೇ ಇದೀಯ, ನಾನೂ ಇದೀನಿ. ಆರಿಸೋದು ದೇವದೂತರ ಕೆಲಸ. ನಾವು ಮೀನು, ಅಷ್ಟೇ."

"ಅವರು ಕರೆದಿದ್ದು ದೇವರಿಗೆ ಕೇಳಿಸಿರತ್ತಾ?"

"ಕೇಳಿಸಿರತ್ತೆ."

"ನನಗೂ ಕೇಳಿಸ್ತು," ಅಂದಳು. "ಕೇಳಿಸ್ಕೊಂಡೇ ಹೋದೆ."



ಆ ವಾರ ಹೆಂಗಸರ ಪ್ರಾರ್ಥನೆಯಲ್ಲಿ ಬಂದರಿನಲ್ಲಿ ಮಂಜುಗಡ್ಡೆ ಒಡೆಯುವ ಒಬ್ಬನ ಸುದ್ದಿ ಬಂತು. ಹೆಂಡತಿ ಅವನನ್ನು ಬಿಟ್ಟು ಹೋಗಿದ್ದಾಳೆ, ದೇವರನ್ನೂ ಬೈಯುವವನು, ಈಗ ಎದೆ ಕೆಟ್ಟು ಮಲಗಿದ್ದಾನೆ. ನೋಡಲು ಹೋಗಬೇಕೋ ಬೇಡವೋ ಅಂತ ಮಾತಾಯಿತು. ಕೊಳೆತ ಮೀನು ಅದು, ಬೇಕಾದರೆ ಹದ್ದಕ್ಕನನ್ನೇ ಕೇಳಿ ಅಂತ ಒಬ್ಬಳು ನಗಿಸಿದಳು. ಹದ್ದಕ್ಕ ನಗಲಿಲ್ಲ. ಪ್ರಾರ್ಥನೆ ಮುಗಿಯುವ ಮುಂಚೆಯೇ ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಒಂದು ತಂಬಿಗೆ ಹಾಲು ತೆಗೆದುಕೊಂಡು ಅವನ ಬಾಗಿಲು ತಟ್ಟಿದಳು. ಅವನು ಅರ್ಧ ತೆರೆದ.

"ಯಾರು ಕರೆದ್ರು ನಿಮ್ಮನ್ನ?"

"ಯಾರೂ ಕರೀಲಿಲ್ಲ."

ಅವನು ಬಾಗಿಲು ಹಾಕಿಕೊಂಡ. ಅವಳು ಮೆಟ್ಟಿಲ ಮೇಲೆ ಕೂತಳು. ಒಳಗಿನ ಕೆಮ್ಮು ಹೊರಗೆ ಕೇಳುತ್ತಿತ್ತು. ಅವನು ಕರೆದರೂ ಕೇಳಿಸುತ್ತದೆ ಅಂದುಕೊಂಡಳು. ದೋಣಿಗಳು ಬಂದವು, ಬಂದರಿನ ಗದ್ದಲ ಶುರುವಾಯಿತು. ಅವಳು ಏಳಲಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಕೂತಿದ್ದಳು.

ಅವನು ಕರೆಯಲಿಲ್ಲ. ಮಾರನೆಯ ದಿನವೂ ಹೋಗಿ ಕೂತಳು.