ಮಂಗನಕೋಡಿನ ಗೊಜ್ಜು

ಟಣ್, ಟಣ್, ಟಣ್. ಖಾಲಿ ಸಾರಿನ ಪಾತ್ರೆಯ ತಳಕ್ಕೆ ಸೌಟು ಬಡಿಯುವ ಸದ್ದು. ನನಗೀಗ ಎಂಬತ್ತೈದು, ಬಲಗಿವಿ ಹೆಚ್ಚುಕಡಿಮೆ ರಿಟೈರ್ ಆಗಿದೆ. ಆದರೆ ಆ ಸದ್ದು ಮಾತ್ರ ಇವತ್ತಿಗೂ ಕ್ಲಿಯರ್ ಆಗಿ ಕೇಳುತ್ತದೆ. ತೆರಕಣಾಂಬಿಯ ನಮ್ಮ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ದೊಡ್ಡವ್ವ, ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಹಾಗೆ ಮೂರು ಸಲ ಬಡಿಯುತ್ತಿದ್ದಳು. ಮುಗಿಯಿತು ಎಂದು ಅರ್ಥ. ಆ ಹೊತ್ತಿಗೆ ಉಣ್ಣದೆ ಉಳಿದಿರುತ್ತಿದ್ದವಳು ಒಬ್ಬಳೇ, ಅಷ್ಟೂ ಅಡುಗೆ ಮಾಡಿದ ನನ್ನ ಅವ್ವ. ಸದ್ದು ಅವಳಿಗಾಗಿಯೇ.

ಬರಗಾಲವೇನೂ ಇರಲಿಲ್ಲ. ಹಗೇವಿನ ತುಂಬ ರಾಗಿ, ಅಟ್ಟದ ತುಂಬ ಅವರೆ. ಬಂಡೀಪುರದ ಕಡೆ ಫಾರೆಸ್ಟ್ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದ ಅಪ್ಪ ಜ್ವರ ಬಂದು ತೀರಿಕೊಂಡ ಮೇಲೆ ಅವ್ವ ಆ ಮನೆಯ ಒಲೆ ಮುಂದೆ ಕೂತಳು, ಅಷ್ಟೇ. ನನ್ನನ್ನು ಸೋದರಮಾವ ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ನಾವು ಊಟಕ್ಕೆ ಮೊದಲು ಕೈಮುಗಿದು ಗ್ರೇಸ್ ಹೇಳಬೇಕು. ಕೊಟ್ಟ ಅನ್ನಕ್ಕೆ ಥ್ಯಾಂಕ್ಸ್. ನಾನು ದಿನಾ ಮೂರು ಹೊತ್ತು ಥ್ಯಾಂಕ್ಸ್ ಹೇಳುತ್ತಿದ್ದಾಗ ಅವ್ವ ಏನು ತಿನ್ನುತ್ತಿದ್ದಳು ಎನ್ನುವುದು ನನಗೆ ಗೊತ್ತಾದದ್ದು ಹನ್ನೆರಡನೇ ವಯಸ್ಸಿನ ಬೇಸಿಗೆ ರಜೆಯಲ್ಲಿ.

ಕಾಡಿನ ಕಡೆಯಿಂದ ಪೊರಕೆ, ಜೇನು ತರುತ್ತಿದ್ದ ಸೋಲಿಗರ ಅಜ್ಜಿಯೊಬ್ಬಳಿದ್ದಳು. ಆವತ್ತು ಹಿತ್ತಲಿಗೆ ಬಂದು ನನ್ನ ಕೈಗೆ ಒಂದು ಎಲೆಯ ಪೊಟ್ಟಣ ಕೊಟ್ಟಳು. ಒಳಗೆ ಬೆರಳು ಗಾತ್ರದ ಹಸಿರು ಕಡ್ಡಿಗಳು. ಎಲೆಯಿಲ್ಲ, ಮುಳ್ಳಿಲ್ಲ, ನಾಲ್ಕು ಮೂಲೆ; ಕಳ್ಳಿಗಿಡದ ನೆಂಟನ ಹಾಗೆ.

"ನಿಮ್ಮವ್ವಂಗೆ ಕೊಡು. ಮಂಗನಕೋಡು."

"ಮಂಗನಿಗೆ ಎಲ್ಲಜ್ಜಿ ಕೋಡು?" ಎಂದು ನಕ್ಕೆ.

"ಹೊಟ್ಟೆ ಹಸ್ದಾಗ ಅಗಿ, ಮೂಡ್ತದೆ," ಎಂದು ಅವಳೂ ನಕ್ಕಳು. "ಬಂಡೆ ಸಂದೀಲಿ ಬೆಳೀತದೆ ಕಣಮ್ಮಿ, ನೀರೂ ಕೇಳಲ್ಲ. ನಮ್ಮ ಗಂಡುಸ್ರು ಜೇನಿಗೆ ಹೋದ್ರೆ ಎಲ್ಡು ತುಂಡು ಅಗ್ದು ಬೈಗಿನ ಗಂಟ ಇದ್ಬುಡ್ತಾರೆ. ಹಸಿವು ಕಟ್ಟಾಕ್ತದೆ." ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ಇಳಿಸಿದಳು. "ಇಷ್ಟು ದೊಡ್ಡ ಮನೇಲಿ ನಿಮ್ಮವ್ವಂಗ್ಯಾಕೆ ಬೇಕು ಇದು?"

ನಾನೊಂದು ತುಂಡು ಕಚ್ಚಿದೆ. ಮೊದಲು ಕಹಿ, ಆಮೇಲೆ ಹುಳಿ, ನಾಲಗೆಗೆ ಲೋಳೆ. ಉಗಿದೆ. ಅವ್ವನನ್ನು ಕೇಳಿದರೆ, "ಬಾಯಿ ರುಚಿಗೆ ಕಣವ್ವ," ಎಂದಳು. ಅವಳ ಹಲ್ಲಿನ ಸಂದಿಯಲ್ಲಿ ಹಸಿರಿತ್ತು.

ರಿವೆಂಜ್ ಈಸ್ ಎ ಸಿನ್ ಎಂದು ಸಿಸ್ಟರ್ ನಮಗೆ ಕಲಿಸಿದ್ದರು. ಸ್ಪೆಲಿಂಗ್ ಕೂಡ ಕಲಿಸಿದ್ದರು. ನಾನು ಸ್ಪೆಲಿಂಗ್ ಅಷ್ಟೇ ಇಟ್ಟುಕೊಂಡೆ.

ಆ ರಜೆಯಲ್ಲೇ ದೊಡ್ಡವ್ವನ ಮಗಳಿಗೆ ಚಾಮರಾಜನಗರದ ಕಡೆಯ ಸಂಬಂಧ ಕೂಡಿಬಂತು. ಹುಡುಗನ ಮನೆ ನೋಡಲು ಹೋಗಬೇಕು. ನಮ್ಮಲ್ಲಿ ಆಗ ಒಂದು ರೀತಿಯಿತ್ತು: ಮನೆ ನೋಡಲು ಹೋದವರಿಗೆ ಸಂಬಂಧ ಒಪ್ಪಿಗೆಯಾದರೆ ಅಲ್ಲೇ ಕೂತು ಉಣ್ಣುತ್ತಾರೆ, ಒಪ್ಪಿಗೆ ಇಲ್ಲದಿದ್ದರೆ ನೀರು ಕುಡಿದು ಏಳುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಹೇಳುವಂತಿಲ್ಲ; ಎಲೆಯೇ ಹೇಳುತ್ತದೆ. ದೊಡ್ಡವ್ವನಿಗೆ ವಾರದಿಂದ ಆ ಊಟದ್ದೇ ಮಾತು. ಕಾಯೊಬ್ಬಟ್ಟು ಮಾಡುತ್ತಾರಂತೆ, ಎಮ್ಮೆ ತುಪ್ಪವಂತೆ.

ಹೊರಡುವ ದಿನ ಬೆಳಿಗ್ಗೆ ಅವ್ವ ನೀರಿಗೆ ಹೋದಾಗ ಪೊಟ್ಟಣದಲ್ಲಿದ್ದಷ್ಟನ್ನೂ ಒರಳಿಗೆ ಹಾಕಿ, ಹುಣಸೆಹಣ್ಣು, ಬೆಲ್ಲ, ಹಸಿಮೆಣಸಿನಕಾಯಿ ಸೇರಿಸಿ ರುಬ್ಬಿ, ಇಂಗಿನ ಒಗ್ಗರಣೆ ಕೊಟ್ಟೆ. ದೊಡ್ಡವ್ವನಿಗೆ ಗೊಜ್ಜು ಅಂದರೆ ಪ್ರಾಣ.

"ಯಾರಮ್ಮಿ ಮಾಡಿದ್ದು?"

"ನಾನೇ ದೊಡ್ಡವ್ವ. ಹಾಗಲಕಾಯಿದು."

"ಪರ್ವಾಗಿಲ್ಲ, ಇಂಗ್ಲೀಸ್ ಇಸ್ಕೂಲಲ್ಲಿ ಇದ್ನೂ ಹೇಳ್ಕೊಡ್ತಾರಾ!" ಎಂದು ಮೂರು ರೊಟ್ಟಿಗೆ ಸವರಿಕೊಂಡು ತಿಂದಳು. ಬೆರಳೂ ನೆಕ್ಕಿದಳು.

ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿ ದೊಡ್ಡವ್ವ ಆರಾಮಾಗಿದ್ದಳು. ಎಲೆಯ ಮುಂದೆ ಕೂತ ಮೇಲೆ ನೋಡಬೇಕಿತ್ತು. ಒಬ್ಬಟ್ಟಿನ ಒಂದು ಚೂರು ಬಾಯಿಗಿಟ್ಟಳು. ಅದು ಅಲ್ಲೇ ನಿಂತಿತು. ನೀರು ಕುಡಿದು ನೂಕಿದಳು. ಇನ್ನೊಂದು ಚೂರು ಮುರಿದು ಎಲೆಯ ಅಂಚಿಗೆ ಸರಿಸಿದಳು. ಹುಡುಗನ ಅಜ್ಜಿ ತುಪ್ಪದ ಗಿಂಡಿ ಹಿಡಿದು ಅವಳ ಎದುರಿಗೇ ನಿಂತುಬಿಟ್ಟಿತು.

"ಯಾಕ್ತಾಯಿ, ಒಬ್ಬಟ್ಟು ಸೇರ್ಲಿಲ್ವಾ? ಇಲ್ಲಾ ಮನೆ ಸೇರ್ಲಿಲ್ವಾ?"

"ಅಯ್ಯೋ, ಅಂಗೇನಿಲ್ಲ ಕಣವ್ವ... ಯಾಕೋ ಹಸಿವೇ ಇಲ್ಲ."

"ಬಿಸಿಲಲ್ಲಿ ಅಷ್ಟು ದೂರದಿಂದ ಬಂದವ್ರಿಗೆ ಹಸಿವಿಲ್ವಾ?" ಎಂದು ಅಜ್ಜಿ ಗಿಂಡಿ ಸಮೇತ ಒಳಗೆ ಹೋಯಿತು. ಗಂಡಸರ ಸಾಲಿನವರು ತಿರುಗಿ ದೊಡ್ಡವ್ವನ ಎಲೆ ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಬಾಯಿ ಮುಚ್ಚಿ ಅಗಿದು, ಪರ್ಫೆಕ್ಟ್ ಟೇಬಲ್ ಮ್ಯಾನರ್ಸಿನಲ್ಲಿ ಮೂರು ಒಬ್ಬಟ್ಟು ತಿಂದೆ. ಅಷ್ಟು ರುಚಿಯಾದ ಊಟವನ್ನು ಆಮೇಲೆ ಎಲ್ಲಿಯೂ ಮಾಡಿಲ್ಲ. ನಿಜ ಹೇಳುತ್ತಿದ್ದೇನೆ.

"ಹೇಳಿ ಕಳಿಸ್ತೀವಿ," ಎಂದರು ಹುಡುಗನ ಕಡೆಯವರು, ನಾವು ಚಪ್ಪಲಿ ಮೆಟ್ಟುವಾಗ.

ಮನೆಗೆ ಬಂದದ್ದೇ ದೊಡ್ಡವ್ವ ಗೊಜ್ಜಿನ ಬಟ್ಟಲನ್ನು ಜಗಲಿಗೆ ತಂದು, ದೊಡ್ಡಪ್ಪ ಕೂತಿದ್ದ ಕಡೆಯೇ ಕುಕ್ಕಿದಳು. "ಏನೋ ಮದ್ದು ಹಾಕವ್ರೆ ತಾಯಿ ಮಗಳು ಸೇರ್ಕೊಂಡು! ನನ್ನ ಮಗಳ ಬಾಳು ಕೆಡಿಸೋಕೆ!"

ಅವ್ವ ಬೆರಳದ್ದಿ ನಾಲಗೆಗಿಟ್ಟಳು. ನನ್ನನ್ನು ನೋಡಿದಳು. ನನಗೆ ಬೀಳಬೇಕಾಗಿದ್ದ ಏಟನ್ನು ತಪ್ಪಿಸಬೇಕೆಂದಷ್ಟೇ ಅವಳು ಆಮೇಲೆ ಮಾತಾಡಿದ್ದು, ಬೇರೆ ಯಾವ ಉದ್ದೇಶವೂ ಅವಳಿಗಿರಲಿಲ್ಲ.

"ಮದ್ದಲ್ಲ ಕಣಕ್ಕ, ಮಂಗನಕೋಡು. ಏನೂ ಆಗಲ್ಲ. ಹಸಿವು ಕಟ್ತದೆ ಅಷ್ಟೇ. ನಾನು ದಿನಾ ತಿಂತೀನಲ್ಲ."

ದೊಡ್ಡಪ್ಪ ಬಾಯಿಗೆ ಒಯ್ಯುತ್ತಿದ್ದ ಎಲೆಯಡಿಕೆ ಕೈಯಲ್ಲೇ ನಿಂತಿತು.

"ದಿನಾನಾ?" ಎಂದರು.

ಅವ್ವ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು. ನನ್ನ ಗೊಜ್ಜು ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ಗೊಜ್ಜು ದೊಡ್ಡವ್ವನಿಗೆ ಕೊಟ್ಟದ್ದು ಹಸಿವನ್ನಲ್ಲ, ಹಸಿವಿಲ್ಲದ ಒಂದು ದಿನವನ್ನು. ಈ ಲೆಕ್ಕ ತಪ್ಪಿದ್ದು ನನಗೆ ವಾಪಸ್ ಬರುವಾಗ ಬಸ್ಸಿನಲ್ಲೇ ಹೊಳೆದು ಹಲ್ಲು ಕಚ್ಚಿಕೊಂಡಿದ್ದೆ. ಈಗ ಅವಳ ಮುಖ ನೋಡಿದೆ, ಗಂಡನ ಎದುರಿಗೆ, ಸುಣ್ಣ ಹಚ್ಚಿದ ಗೋಡೆಯಾದ ಮುಖ. ಸಾಕಾಗಲಿಲ್ಲ. ಇನ್ನೂ ಬೇಕಿತ್ತು.

ಮರುವಾರ ದೊಡ್ಡಪ್ಪ ಒಬ್ಬರೇ ಚಾಮರಾಜನಗರಕ್ಕೆ ಹೋಗಿ, ಎರಡೆರಡು ಸಲ ಬಡಿಸಿಕೊಂಡು ಉಂಡು, ಸಂಬಂಧ ಸರಿಮಾಡಿ ಬಂದರು. ಮನೆಯಲ್ಲಿ ಮಾತ್ರ ಅವತ್ತಿನಿಂದಲೇ, "ಮೊದ್ಲು ಅವ್ಳಿಗಿಕ್ಕು," ಎಂದು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ದೊಡ್ಡವ್ವ ಬಡಿಸಿದಳು, ಬಿಸಿ ಮುದ್ದೆ, ಮೇಲೆ ಸಾರು. ಅವ್ವ ಅರ್ಧ ಮುದ್ದೆಗೆ ಕೈ ತೊಳೆದಳು. ಸಾಕು, ಇಳಿಯುವುದಿಲ್ಲ ಎಂದಳು. ಅವತ್ತಷ್ಟೇ ಅಲ್ಲ, ಎಂದೂ ಇಳಿಯಲಿಲ್ಲ. ಆ ಹೊಟ್ಟೆ ಮರೆತುಬಿಟ್ಟಿತ್ತು. ಎಲ್ಲರೂ ನನಗೆ, ದೊಡ್ಡವ್ವನನ್ನು ಫರ್ಗಿವ್ ಮಾಡು ಎನ್ನುತ್ತಾರೆ. ಆ ಉಳಿದ ಅರ್ಧ ಮುದ್ದೆಯನ್ನು ಅವರು ನೋಡಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಚಾಮರಾಜನಗರದಲ್ಲಿ ಟೀಚರ್ ಆಗಿ, ಅವ್ವನನ್ನು ನನ್ನ ಜೊತೆ ಇಟ್ಟುಕೊಂಡಿದ್ದೆ. ಒಂದು ದಿನ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಕುಪ್ಪಸ ಸಡಿಲ, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರ ಹತ್ತಿರ ಬಂದಿದ್ದಳಂತೆ.

"ಏನ್ ತಿಂದ್ರೂ ಸೇರಲ್ಲ ಕಣಮ್ಮಿ," ಎಂದಳು ದೊಡ್ಡವ್ವ. "ಹಸಿವೇ ಸತ್ತೋಗದೆ. ನಿಮ್ಮವ್ವ ಹೆಂಗವ್ಳೆ? ಉಣ್ತಾಳಾ?"

ಅವ್ವ ಬೆಳಿಗ್ಗೆ ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದದ್ದನ್ನು ನಾನೇ ತೆಗೆದು ಬಂದಿದ್ದೆ.

"ಎರಡು ಮುದ್ದೆ, ದೊಡ್ಡವ್ವ," ಎಂದೆ. "ಎರಡೂ ಹೊತ್ತು. ಮೇಲೆ ಅನ್ನ, ಮಜ್ಜಿಗೆ."

ಅವಳು ನನ್ನನ್ನೇ ನೋಡಿದಳು. ಉರಿಯಲಿ ಎಂದು ಕಾದೆ.

"ಉಣ್ಲಿ ಬುಡು," ಎಂದಳು.

ನನ್ನ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಒಳಗೆ ನೋಡಿ, ಹಾಗೇ ಮತ್ತೆ ಕಟ್ಟುತ್ತಿದ್ದಳು.