ಕೋಟೆ ಕಟ್ಟಿದ್ದು ನಾನು

ಇವತ್ತು ದಾವಣಗೆರೆಯ ತಮ್ಮನ ಮನೆಯಲ್ಲಿ ಅವನ ಮಗ ಆಟದ ಇಟ್ಟಿಗೆಗಳ ಹೊಸ ಡಬ್ಬಿ ಬಿಚ್ಚಿದ. ಆ ಪ್ಲಾಸ್ಟಿಕ್ ವಾಸನೆ ಬಂದದ್ದೇ ಹರಿಹರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ನಾವು ಚಿಕ್ಕವರಿದ್ದಾಗ ಸೋದರಮಾವ ಇಂಥದ್ದೇ ಇಟ್ಟಿಗೆಗಳ ಕೋಟೆಯ ಸೆಟ್ ತಂದುಕೊಟ್ಟಿದ್ದರು. ತಮ್ಮ ಒಂದು ಗೋಡೆ ಜೋಡಿಸಿ, ಬೇಸತ್ತು ಕ್ರಿಕೆಟ್ಟಿಗೆ ಓಡಿದ. ರಜೆಯೆಲ್ಲ ನಾನೊಬ್ಬಳೇ ಕೂತೆ. ತಪ್ಪಾಗಿ ಕೂಡಿಸಿದ ಇಟ್ಟಿಗೆಗಳನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದೆ. ಬೆರಳ ತುದಿಗಳು ಉರಿಯುತ್ತಿದ್ದವು. ಬುರುಜು ಮುಗಿಯುವ ಹೊತ್ತಿಗೆ ಕೆಳಗಿನ ಸಾಲೊಂದು ತಪ್ಪಿದ್ದು ಕಂಡು, ಅತ್ತು, ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ದಾರ ಎಳೆದಾಗ ಹೆಬ್ಬಾಗಿಲು ಮೇಲೆದ್ದಿತು. ನಾನು ಮನೆಯೆಲ್ಲ ಕುಣಿದೆ.

ಸಂಜೆ ಅಪ್ಪನ ಗೆಳೆಯರೊಬ್ಬರು ಬಂದರು. ಅಪ್ಪ ಎಂದಿನಂತೆ ಚಹಾವನ್ನು ಬಸಿಗೆ ಸುರಿದು ಊದುತ್ತಾ ಕೋಟೆ ತೋರಿಸಿದರು.

"ನಮ್ಮ ಹುಡುಗ ಕಟ್ಯಾನೆ ನೋಡ್ರಿ. ಮುಂದೆ ಎಂಜಿನಿಯರ್ ಆಗ್ತಾನೆ."

"ಅಪ್ಪಾ, ಅದನ್ನ ಕಟ್ಟಿದ್ದು ನಾನು," ಎಂದೆ.

"ಇರ್ಲಿ ಬಿಡು. ಒಳಗ ಹೋಗಿ ಬಿಸ್ಕೀಟ್ ತಗಂಬಾ," ಎಂದರು. ಪಕ್ಕದಲ್ಲೇ ಇದ್ದ ತಮ್ಮ ದಾರ ಎಳೆದು ಅವರಿಗೆ ಹೆಬ್ಬಾಗಿಲು ಎತ್ತಿ ತೋರಿಸಿದ.

ಇವತ್ತು ಮಗ ಇಟ್ಟಿಗೆ ಕೂಡಿಸಲಾಗದೆ ಒದ್ದಾಡುವಾಗ ತಮ್ಮ ಹೇಳಿದ: "ನಿನ್ನ ವಯಸ್ನಾಗ ನಾನೊಬ್ನೇ ಕೋಟೆ ಕಟ್ಟಿದ್ದೆ. ಬೇಕಾದ್ರೆ ನಿಮ್ಮತ್ತೆನ್ನ ಕೇಳು."

ಅವನ ಮುಖದಲ್ಲಿ ಸುಳ್ಳಿನ ಅಳುಕೇ ಇರಲಿಲ್ಲ. ಅವನು ಅದನ್ನು ನಿಜವೆಂದೇ ನಂಬಿದ್ದ.

"ಕಟ್ಟಿದ್ದು ನಾನು," ಎಂದೆ.

"ನಿಮ್ಮತ್ತೆಗೆ ತಮಾಷೆ ಜಾಸ್ತಿ," ಎಂದು ತಮ್ಮ ನಕ್ಕ. ಹುಡುಗನೂ ನಕ್ಕ.